ಟವರ್ ಹಿಲ್‌ನಲ್ಲಿ ಹೆಸರಿಲ್ಲದಿದ್ದರೆ ಎಲ್ಲಿ ಹುಡುಕಬೇಕು?

ನಿಮ್ಮ ಅಜ್ಜನ ಅಣ್ಣ 1942ರಲ್ಲಿ ಬ್ರಿಟಿಷ್ ಸರಕು ಹಡಗಿನ ಜೊತೆಗೇ ಮುಳುಗಿಹೋದರು, ಆದರೂ ಸಮುದ್ರದ ಪಾಲಾದ ವಾಣಿಜ್ಯ ಹಡಗುಗಳ ನಾವಿಕರಿಗಾಗಿ ಕಟ್ಟಿದ ಲಂಡನ್ನಿನ ಟವರ್ ಹಿಲ್ ಸ್ಮಾರಕದಲ್ಲಿ ಅವರ ಹೆಸರಿಲ್ಲ, ಏಕೆ ಎಂದು ಕೇಳಿದ್ದೀರಿ. ನೀವು ತಪ್ಪು ಜಾಗದಲ್ಲಿ ಹುಡುಕಿದ್ದೀರಿ, ಅಷ್ಟೇ. ಭಾರತದಲ್ಲಿ ನೇಮಕವಾದ ನಾವಿಕರ ಹೆಸರುಗಳು ಮುಂಬೈ ಮತ್ತು ಈಗ ಬಾಂಗ್ಲಾದೇಶದಲ್ಲಿರುವ ಚಟ್ಟಗ್ರಾಮದ (ಚಿತ್ತಗಾಂಗ್) ಸ್ಮಾರಕಗಳಿಗೆ ಸೇರಿವೆ. ಅಲ್ಲಿರುವುದು ಕಲ್ಲಿನ ಮೇಲೆ ಕೆತ್ತಿದ ಪಟ್ಟಿಯಲ್ಲ, ಒಂದೇ ಬಗೆಯ ಎರಡು ಪುಸ್ತಕಗಳು. ಎರಡನೆಯ ಮಹಾಯುದ್ಧದಲ್ಲಿ ಸಮುದ್ರದ ಪಾಲಾದ ಸುಮಾರು 6,500 ಜನರ ಹೆಸರು ಅವುಗಳಲ್ಲಿದೆ.

ಅವರು ಹಡಗಿನ ಬಾಯ್ಲರ್‌ಗೆ ಕಲ್ಲಿದ್ದಲು ತುಂಬುವ ಕೆಲಸದವರು ಎಂದಿದ್ದೀರಿ. ಟಾರ್ಪಿಡೊ ತಾಗಿದರೆ ಮೊದಲು ಸಿಕ್ಕಿಬೀಳುತ್ತಿದ್ದವರು ಅವರೇ. ಬಾಯ್ಲರ್ ಕೋಣೆ ನೀರಿನ ಮಟ್ಟಕ್ಕಿಂತ ಕೆಳಗೆ, ಮೇಲೆ ಬರಲು ಇದ್ದದ್ದು ಕಡಿದಾದ ಕಬ್ಬಿಣದ ಏಣಿ, ಸುತ್ತ ಒಡೆದ ಕೊಳವೆಗಳಿಂದ ಚಿಮ್ಮುವ ಕುದಿಹಬೆ. ಇಷ್ಟಾಗಿಯೂ ಬಿಳಿಯ ನಾವಿಕರ ಸಂಬಳದ ಒಂದು ಪಾಲು ಮಾತ್ರ ಇವರ ಕೈಸೇರುತ್ತಿತ್ತು. 1939ರಲ್ಲಿ ಭಾರತೀಯ ನಾವಿಕರು ಮುಷ್ಕರ ಹೂಡಿದ್ದು ಸುಮ್ಮನೆ ಅಲ್ಲ. ಕೆಲವರನ್ನು ಅದಕ್ಕಾಗಿ ಜೈಲಿಗೂ ಹಾಕಿದರು.

ಯುದ್ಧದಲ್ಲಿ ಸತ್ತವರ ದಾಖಲೆ ಇಡುವ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ (CWGC) ಜಾಲತಾಣದಲ್ಲಿ ಹುಡುಕಾಟ ಉಚಿತ. ಹೆಸರಿನಿಂದ ಶುರುಮಾಡಬೇಡಿ. ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಗೀಚಿಕೊಂಡಿರುತ್ತಾರೆ, ಊರಿನ ಹೆಸರಂತೂ ಗುರುತೇ ಸಿಗದಷ್ಟು ಕೆಟ್ಟಿರಬಹುದು. ಸೇವೆಯ ವಿಭಾಗದಲ್ಲಿ ‘ವಾಣಿಜ್ಯ ನೌಕಾಪಡೆ’ (Merchant Navy) ಆರಿಸಿ, ಹಡಗು ಮುಳುಗಿದ ದಿನಾಂಕದ ಹಿಂದೆಮುಂದೆ ಕೆಲವು ದಿನ ಸೇರಿಸಿ ನೋಡಿ. ಒಂದೇ ಹಡಗಿನವರು ಸಾಲಾಗಿ ಸಿಗುತ್ತಾರೆ. ಅವರ ತಂದೆಯ ಹೆಸರು, ವಯಸ್ಸು ನಮೂದಾಗಿದ್ದರೆ ಹೋಲಿಸಿಕೊಳ್ಳಿ. ಹಡಗಿನ ಹೆಸರು ಗೊತ್ತಿದ್ದರೆ ಇಲ್ಲಿ ತಿಳಿಸಿ.