ಕೆಲಸದ ಮೆಡಿಕಲ್‌ನಲ್ಲಿ ಮೂತ್ರದಲ್ಲಿ ಪ್ರೋಟೀನ್ 1+ ಅಂತ ಬಂದಿದೆ. ಮತ್ತೆ ಟೆಸ್ಟ್ ಮಾಡಿಸುವ ಮೊದಲು ಎಷ್ಟು ನೀರು ಕುಡಿದರೆ ಅದು ಹೋಗುತ್ತೆ?

ಮೊದಲು ಆ ನೀರಿನ ಬಾಟಲಿ ಕೆಳಗಿಡಿ. ಇದೇ ಪ್ರಶ್ನೆ ನನಗೂ ಬಂದಿತ್ತು. ಉತ್ತರ ನಾನೇ ಕಂಡುಕೊಂಡೆ, ಮೂರೂವರೆ ಲೀಟರ್ ಅಂತ. ಕೈಗೆ ಬಂದ ಕೆಲಸ ಅದರಲ್ಲೇ ಹೋಯಿತು.

ಆಗ ಹಳೆ ಕೆಲಸ ಬಿಟ್ಟಾಗಿತ್ತು. ಓಟದ ಹುಚ್ಚು ಬೇರೆ. ಮೆಡಿಕಲ್‌ನ ಹಿಂದಿನ ಸಂಜೆ 15 ಕಿಲೋಮೀಟರ್ ಓಡಿ ಬಂದಿದ್ದೆ. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿದ್ದರು, ನಾನು ನೀರೂ ಮುಟ್ಟದೆ ಹೋದೆ. (ನೀರು ಕುಡಿಯಬೇಡಿ ಅಂತ ಯಾರೂ ಹೇಳಿರಲಿಲ್ಲ.) ಪ್ರೋಟೀನ್ 1+ ಬಂತು. ಸದ್ಯಕ್ಕೆ ಅನ್‌ಫಿಟ್, ನಾಲ್ಕು ದಿನ ಬಿಟ್ಟು ಮತ್ತೆ ಬನ್ನಿ ಅಂದರು. ಕಿಡ್ನಿಯೇ ಹೋಯಿತು ಅಂತ ನಾಲ್ಕು ರಾತ್ರಿ ನಿದ್ದೆ ಇಲ್ಲ.

ಐದನೇ ಬೆಳಿಗ್ಗೆ ಎರಡು ಗಂಟೆಯಲ್ಲಿ ಅಷ್ಟೂ ನೀರು ಕುಡಿದೆ. ಪ್ರೋಟೀನ್ ನಿಜಕ್ಕೂ ನಿಲ್ ಬಂತು! ಆದರೆ ಅದೇ ಮೂತ್ರದಲ್ಲಿ ಡ್ರಗ್ ಟೆಸ್ಟ್ ಕೂಡ ಮಾಡುತ್ತಾರೆ ಅಂತ ನನಗೆ ಹೊಳೆದಿರಲಿಲ್ಲ. ಡ್ರಗ್ ಟೆಸ್ಟ್ ಮಾಡುವವರು ಮೂತ್ರ ಮೂತ್ರದ ಹಾಗಿದೆಯಾ ಅಂತಲೂ ನೋಡುತ್ತಾರೆ. ಕ್ರಿಯೇಟಿನಿನ್ (ಸ್ನಾಯುಗಳಿಂದ ಬಂದು ಮೂತ್ರದಲ್ಲಿ ಹೋಗುವ ಕಸ) ಒಂದು ಡೆಸಿಲೀಟರ್‌ಗೆ 20 ಮಿಲಿಗ್ರಾಂಗಿಂತ ಕಡಿಮೆ ಇದ್ದು, ಸ್ಪೆಸಿಫಿಕ್ ಗ್ರಾವಿಟಿ (ಮೂತ್ರ ಎಷ್ಟು ಗಟ್ಟಿ ಅನ್ನುವ ಅಳತೆ, ಬರೀ ನೀರಿಗೆ 1.000) 1.003ಕ್ಕಿಂತ ಕೆಳಗಿದ್ದರೆ ಡೈಲ್ಯೂಟ್, ಅಂದರೆ ನೀರಾಗಿದೆ ಅಂತ ಬರೆಯುತ್ತಾರೆ. ನನ್ನದು 1.001. ಹೆಚ್ಚುಕಮ್ಮಿ ನಲ್ಲಿ ನೀರು. ಯಾಕಿಷ್ಟು ನೀರು ಕುಡಿದಿರಿ ಅಂತ ಎಚ್‌ಆರ್ ಫೋನ್ ಮಾಡಿದರು. ಇದ್ದದ್ದನ್ನು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಸುಮ್ನೆ ತಡವರಿಸಿದೆ. ಏನನ್ನೋ ಮುಚ್ಚಿಡುತ್ತಿದ್ದೇನೆ ಅಂತ ಅವರಿಗೆ ಅನ್ನಿಸಿರಬೇಕು, ನಾನಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ. ಜಾಯ್ನಿಂಗ್ ದಿನ ದಾಟಿತು, ಬೇರೆಯವರನ್ನು ತೆಗೆದುಕೊಂಡರು. ಎರಡೂವರೆ ತಿಂಗಳು ಸಂಬಳ ಇಲ್ಲದೆ ಕೂತೆ.

ಆಮೇಲೆ ಒಬ್ಬ ಡಾಕ್ಟರ್ ಹತ್ತಿರ ಹೋದೆ. ಅವರು ಮೊದಲ ರಿಪೋರ್ಟ್‌ನಲ್ಲಿ ಪ್ರೋಟೀನ್ ಸಾಲನ್ನು ಬಿಟ್ಟು ಅದಕ್ಕಿಂತ ಮೇಲಿನ ಸಾಲಿಗೆ ಪೆನ್ನು ಇಟ್ಟರು. ಸ್ಪೆಸಿಫಿಕ್ ಗ್ರಾವಿಟಿ 1.030, ಅಂದರೆ ತುಂಬಾ ಗಟ್ಟಿ ಮೂತ್ರ. "ಹಿಂದಿನ ದಿನ ಏನು ಮಾಡಿದ್ರಿ?" ಅಂತ ಕೇಳಿದರು. ಅದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ.

ವಿಷಯ ಇಷ್ಟೇ. ಪ್ರೋಟೀನ್ ನೋಡಲು ಮೂತ್ರದಲ್ಲಿ ಅದ್ದುವ ಆ ಬಣ್ಣದ ಸ್ಟ್ರಿಪ್ ದಿನಕ್ಕೆ ಎಷ್ಟು ಪ್ರೋಟೀನ್ ಹೋಗುತ್ತಿದೆ ಅಂತ ಹೇಳಲ್ಲ. ಆ ಹೊತ್ತಿನ ಮೂತ್ರದಲ್ಲಿ ಪ್ರೋಟೀನ್ ಎಷ್ಟು ದಟ್ಟವಾಗಿದೆಯೋ ಅದಕ್ಕೆ ತಕ್ಕ ಬಣ್ಣ ತೋರಿಸುತ್ತೆ. ನೀರಿಲ್ಲದೆ ಗಟ್ಟಿಯಾದ ಮೂತ್ರದಲ್ಲಿ ಮಾಮೂಲಿ ಪ್ರೋಟೀನೂ 1+ ಆಗಬಹುದು. ಜೋರಾಗಿ ಓಡಿದರೆ ಒಂದೆರಡು ದಿನ ಪ್ರೋಟೀನ್ ಜಾಸ್ತಿ ಬರುವುದೂ ಉಂಟು, ಜ್ವರ ಬಂದಾಗಲೂ ಅಷ್ಟೇ. ನನ್ನ ತಪ್ಪು ನೀರು ಕುಡಿದದ್ದಲ್ಲ. ಪ್ಲಸ್ ಯಾಕೆ ಬಂತು ಅಂತ ಕೇಳದೆ, ಅದನ್ನು ಅಳಿಸೋದು ಹೇಗೆ ಅಂತ ಹೊರಟಿದ್ದು. ನೀವೂ ಈಗ ಅದನ್ನೇ ಮಾಡುತ್ತಿದ್ದೀರಿ, ಅಲ್ವಾ?

ಆ ಡಾಕ್ಟರ್ ಬೆಳಗಿನ ಮೊದಲ ಮೂತ್ರದಲ್ಲಿ ಅಲ್ಬುಮಿನ್-ಕ್ರಿಯೇಟಿನಿನ್ ಅನುಪಾತ ಮಾಡಿಸಿದರು (ಅಲ್ಬುಮಿನ್ ಅಂದರೆ ಒಂದು ಬಗೆಯ ಪ್ರೋಟೀನ್). ನೀರು ಜಾಸ್ತಿಯಾದರೆ ಎರಡೂ ಒಟ್ಟಿಗೆ ತೆಳುವಾಗುತ್ತವೆ, ಹಾಗಾಗಿ ಅನುಪಾತಕ್ಕೆ ಅಷ್ಟು ಸುಲಭವಾಗಿ ಮೋಸ ಮಾಡಲಾಗದು. ಒಂದು ಗ್ರಾಂ ಕ್ರಿಯೇಟಿನಿನ್‌ಗೆ ಅಲ್ಬುಮಿನ್ 30 ಮಿಲಿಗ್ರಾಂ ಒಳಗಿದ್ದರೆ ಸರಿ. ನನ್ನದು 9 ಬಂತು.

ನೀವೂ ಇದನ್ನೇ ಕೇಳಿ ಮಾಡಿಸಿ. ಎರಡು ದಿನ ಓಟ, ಜಿಮ್ ಬೇಡ. ನೀರು ಎಂದಿನಷ್ಟೇ ಸಾಕು. ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಹೇಳಿ. ಡಾಪಾಗ್ಲಿಫ್ಲೋಜಿನ್ ಅನ್ನುವ ಸಕ್ಕರೆ ಕಾಯಿಲೆ ಮಾತ್ರೆ ತಗೊಳ್ಳುವವರಿಗೆ ರಕ್ತದಲ್ಲಿ ಸಕ್ಕರೆ ಸರಿ ಇದ್ದರೂ ಮೂತ್ರದಲ್ಲಿ ಬರುತ್ತೆ, ಅದನ್ನೂ ತಪ್ಪಾಗಿ ಓದುವವರಿದ್ದಾರೆ. ಆದರೆ ಅನುಪಾತವೂ ಮತ್ತೆ ಮತ್ತೆ ಜಾಸ್ತಿ ಬಂದರೆ ಲ್ಯಾಬನ್ನು ಬೈಯಬೇಡಿ, ಕಿಡ್ನಿ ಡಾಕ್ಟರನ್ನು ನೋಡಿ. ಮತ್ತೆ ಟೆಸ್ಟ್‌ಗೆ ಕೊಟ್ಟ ದಿನಗಳು ಸಾಲದಿದ್ದರೆ ಎಚ್‌ಆರ್‌ಗೆ ಫೋನ್ ಮಾಡಿ ಇನ್ನೊಂದು ವಾರ ಕೇಳಿ. ನಾನು ಕೇಳಲೇ ಇಲ್ಲ.