ಸಾವಿನ ನೋವಿನ ಆಲ್ಬಮ್‌ನಲ್ಲಿ ಕುಣಿಸುವ ಹಾಡು ಯಾಕೆ?

ಪ್ರಶ್ನೆ: 9/11 ದಾಳಿಯ ನಂತರ ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ತಂದ ‘ದಿ ರೈಸಿಂಗ್’ ಆಲ್ಬಮ್ ಕೇಳಿದೆ. ಸುಮಾರು 3,000 ಜನ ಸತ್ತ ದುರಂತದ ಬಗ್ಗೆ ಮಾಡಿದ ಆಲ್ಬಮ್‌ನಲ್ಲಿ ಪಾರ್ಟಿ ಹಾಡೂ ಇದೆ. ಯಾಕೋ ಇರಿಸುಮುರಿಸಾಯಿತು. ನಾನು ಕೇಳಿದ ರೀತಿಯೇ ತಪ್ಪಾ? – ಓದುಗರು, ಧಾರವಾಡ

ಉತ್ತರ: ನೀವು ಹೇಳುತ್ತಿರುವುದು ‘ಮೇರೀಸ್ ಪ್ಲೇಸ್’ ಹಾಡು ಅಲ್ವಾ? ತಾಳ ಬಿಟ್ಟು ಮಾತಿನ ಕಡೆ ಗಮನ ಕೊಟ್ಟು ಇನ್ನೊಮ್ಮೆ ಕೇಳಿ. ಹಾಡುವವನ ಲಾಕೆಟ್‌ನಲ್ಲಿ ದೂರವಾದವರ ಫೋಟೋ ಇದೆ. ಇಷ್ಟದ ರೆಕಾರ್ಡ್ ಹಾಕಿ, ಮುಳ್ಳು ಇಳಿಸಿ, ಪ್ರಾರ್ಥನೆ ಮಾಡುತ್ತಾನೆ. ಅಷ್ಟು ಗದ್ದಲದ ನಡುವೆಯೇ, ಎದೆ ಒಡೆದ ಮೇಲೆ ಬದುಕೋದು ಹೇಗೆ ಅಂತ ಕೇಳುತ್ತಾನೆ. ದುಃಖ ತಡೆಯಲಾರದವರು ನಾಲ್ಕು ಜನರನ್ನು ಮನೆಗೆ ಕರೆದು ಸೇರಿಸಿದ ಪಾರ್ಟಿ ಅದು. ನನಗಂತೂ ಇಡೀ ಆಲ್ಬಮ್‌ನಲ್ಲಿ ಅತಿ ಧೈರ್ಯದ ಹಾಡು ಅದೇ.

ನೀವು ಶಫಲ್ ಹಾಕಿ ಕೇಳಿದ್ದರೆ ಮಾತ್ರ ದೊಡ್ಡದೊಂದು ತಪ್ಪಿಹೋಗಿದೆ. ಇದು 11ನೇ ಹಾಡು. ಇದರ ಬೆನ್ನಿಗೇ ಬರುವುದು ‘ಯು ಆರ್ ಮಿಸ್ಸಿಂಗ್’. ಬೀರುವಿನಲ್ಲಿ ಅಂಗಿ, ಕುರ್ಚಿಯ ಮೇಲೆ ಜಾಕೆಟ್, ಕಟ್ಟೆಯ ಮೇಲೆ ಕಾಫಿ ಕಪ್, ಬಾಗಿಲಲ್ಲಿ ಪೇಪರ್. ಎಲ್ಲ ಇದ್ದ ಹಾಗೇ ಇದೆ, ಮನುಷ್ಯ ಇಲ್ಲ. ಈ ರಾತ್ರಿ ಮನೆಗೆ ಬರ್ತಾರಾ ಅಂತ ಮಕ್ಕಳು ಕೇಳುತ್ತಿದ್ದಾರೆ. ಪಾರ್ಟಿ ಮುಗಿಸಿ ಮನೆಗೆ ಬಂದರೆ ಸಿಗುವುದು ಈ ಮನೆ. ಅದಾದ ಮೇಲೆ 13ನೆಯದು, ಆಲ್ಬಮ್‌ಗೆ ಹೆಸರು ಕೊಟ್ಟ ಹಾಡು. ಅಲ್ಲಿ ಅಗ್ನಿಶಾಮಕ ದಳದವನೊಬ್ಬ ಬೆನ್ನ ಮೇಲೆ 60 ಪೌಂಡ್ ಭಾರ ಹೊತ್ತು, ಏನೂ ಕಾಣದ ಕತ್ತಲಲ್ಲಿ ಮೇಲೇರುತ್ತಿದ್ದಾನೆ. ದಾಳಿಯ ದಿನ ನ್ಯೂಯಾರ್ಕ್‌ನ ಅಗ್ನಿಶಾಮಕ ದಳ 343 ಜನರನ್ನು ಕಳೆದುಕೊಂಡಿತು. ಎಲ್ಲರೂ ಒಟ್ಟಿಗೆ ಕೂಗಿ ಹಾಡುವ ಪಲ್ಲವಿ ಸಾಯಲು ಹೊರಟವನ ಬಾಯಲ್ಲಿದೆ. ಈ ಮೂರನ್ನೂ ಒಂದೇ ಉಸಿರಿನಲ್ಲಿ ಕೇಳಿದರೆ ಪಾರ್ಟಿ ಹಾಡು ಅಲ್ಲಿ ಯಾಕೆ ಬೇಕಿತ್ತು ಅಂತ ತಾನಾಗೇ ಗೊತ್ತಾಗುತ್ತದೆ.

2002ರ ಜುಲೈನಲ್ಲಿ ಆಲ್ಬಮ್ ಬಂತು. ತನ್ನದೇ ತಂಡವಾದ ‘ಇ ಸ್ಟ್ರೀಟ್ ಬ್ಯಾಂಡ್’ ಜೊತೆ ಸ್ಪ್ರಿಂಗ್‌ಸ್ಟೀನ್ ಪೂರ್ತಿ ಸ್ಟುಡಿಯೋ ಆಲ್ಬಮ್ ಮಾಡಿ ಆಗಲೇ 18 ವರ್ಷ ಆಗಿತ್ತು. 15 ಹಾಡೂ ಒಂದೇ ತೂಕದವು ಅಂತ ಹೇಳಲಾರೆ. ‘ಲೆಟ್ಸ್ ಬಿ ಫ್ರೆಂಡ್ಸ್’ ಸುಮ್ನೆ ಜಾಗ ತುಂಬಿಸಿದಂತಿದೆ.

ಕೊನೆಯ ‘ಮೈ ಸಿಟಿ ಆಫ್ ರುಯಿನ್ಸ್’ ದಾಳಿಗೂ ಮೊದಲೇ ಬರೆದದ್ದು. ನ್ಯೂಜೆರ್ಸಿಯ ಆಸ್ಬರಿ ಪಾರ್ಕ್ ಎಂಬ, ಆಗ ಹಾಳುಬಿದ್ದಿದ್ದ ಸಮುದ್ರತೀರದ ಊರಿಗಾಗಿ ಬರೆದ ಹಾಡು. 2001ರ ಸೆಪ್ಟೆಂಬರ್ 21ರಂದು, ಸಂತ್ರಸ್ತರಿಗೆ ಹಣ ಸೇರಿಸುವ ಟಿವಿ ಕಾರ್ಯಕ್ರಮದಲ್ಲಿ ಇದನ್ನೇ ಹಾಡಿದರು. ಆವತ್ತಿನಿಂದ ಜನ ಇದನ್ನು ನ್ಯೂಯಾರ್ಕ್‌ನ ಹಾಡಾಗಿಯೇ ಕೇಳಿದರು.

ಹಾಗಾಗಿ ಈ ಸಲ 11ರಿಂದ 15ರವರೆಗೆ ಸಾಲಾಗಿ ಕೇಳಿ. ಆಮೇಲೆ ಹಿಂದೆ ಹೋಗಿ 7ನೆಯ ‘ವರ್ಲ್ಡ್ಸ್ ಅಪಾರ್ಟ್’ ಹಾಕಿ. ಅದರಲ್ಲಿ ಪಾಕಿಸ್ತಾನದ ಆಸಿಫ್ ಅಲಿ ಖಾನ್ ತಂಡದ ಕವ್ವಾಲಿ ದನಿ ಇದೆ. ಮುಸ್ಲಿಮರ ಮೇಲೆ ಸಿಟ್ಟು ಕುದಿಯುತ್ತಿದ್ದ ಆ ದಿನಗಳ ಅಮೆರಿಕದಲ್ಲಿ ಆ ದನಿಯನ್ನು ಪಕ್ಕಕ್ಕೆ ಕರೆದು ಹಾಡಿಸಿದ್ದು ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.