ಹಳೆಯ ಓಪನ್ ಸೋರ್ಸ್ ಇನ್‌ಸ್ಟಾಲರ್ ನೋಡಿಕೊಳ್ಳಲು ಜನ ಸಿಗುತ್ತಿಲ್ಲ, ಎಲ್ಲಿ ಕೇಳಬೇಕು?

ನಿಮ್ಮ ಇನ್‌ಸ್ಟಾಲರ್ ನೋಡಿಕೊಳ್ಳಲು ಜನ ಕೇಳಿದರೆ "ಬರ್ತೇನೆ ಅಂದವರೆಲ್ಲ ಒಂದು ವಾರದಲ್ಲಿ ಮಾಯ" ಅಂತ ಬರೆದಿದ್ದೀರಲ್ಲ, ನನಗೂ ಹಾಗೇ ಆಗಿತ್ತು.

ನಾನಿರುವುದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಇಲ್ಲಿನ ಡಿಟಿಪಿ ಅಂಗಡಿಗಳಿಗೆ ಎಷ್ಟೋ ಸಲ ಒಂದೇ ಹಾಳೆಯಲ್ಲಿ ಕನ್ನಡವೂ ಬೇಕು, ಮಲಯಾಳವೂ ಬೇಕು. ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಕರಪತ್ರ, ಮದುವೆ ಕಾಗದ, ಯಾವುದಾದರೂ ಸರಿ. ಎರಡೂ ಭಾಷೆಯ ಯೂನಿಕೋಡ್ ಫಾಂಟು, ಕೀಬೋರ್ಡ್ ಲೇಔಟುಗಳನ್ನು ಒಟ್ಟಿಗೆ ಹಾಕಿಕೊಡುವ ಒಂದು ವಿಂಡೋಸ್ ಇನ್‌ಸ್ಟಾಲರ್ ಮಾಡಿ ಓಪನ್ ಸೋರ್ಸ್ ಆಗಿ, ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ ಬದಲಾಯಿಸುವ ಹಾಗೆ, ಬಿಟ್ಟಿದ್ದೆ. ಬರೆದದ್ದು ಎನ್‌ಎಸ್‌ಐಎಸ್‌ನಲ್ಲಿ. ಹಾಡು ಕೇಳುವ ವಿನ್ಆಂಪ್ ಸಾಫ್ಟ್‌ವೇರ್ ಮಾಡಿದ ನಲ್‌ಸಾಫ್ಟ್‌ನವರ, ಇನ್‌ಸ್ಟಾಲರ್ ತಯಾರಿಸುವ ಉಪಕರಣ ಅದು. ಆಗ ಅದರಲ್ಲಿ ಯೂನಿಕೋಡ್ ಇರಲಿಲ್ಲ. ವಿಂಡೋಸಿನಲ್ಲಿ ಕನ್ನಡಕ್ಕೆ ಹಳೇ ಕಾಲದ, ಯೂನಿಕೋಡಿಗೆ ಮುಂಚಿನ ಅಕ್ಷರಪಟ್ಟಿ, ಅಂದರೆ ಆನ್ಸಿ ಕೋಡ್‌ಪೇಜೇ ಇಲ್ಲದ ಕಾರಣ, ಇನ್‌ಸ್ಟಾಲರಿನ ಪರದೆಯಲ್ಲಿ ಕನ್ನಡದ ಬದಲು ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತಿದ್ದವು. ಹಾಗಾಗಿ ಬೇರೆಯವರು ಅದರ ಕೋಡ್ ತೆಗೆದುಕೊಂಡು ಮಾಡಿದ್ದ ಯೂನಿಕೋಡ್ ಆವೃತ್ತಿ, ಅಂದರೆ ಫೋರ್ಕ್, ಹಿಡಿದುಕೊಂಡೆ. ಮೂಲ ಎನ್‌ಎಸ್‌ಐಎಸ್‌ಗೆ ಯೂನಿಕೋಡ್ ಬಂದದ್ದು 3.0ರಲ್ಲಿ, 2016ಕ್ಕೆ. ಅಷ್ಟರಲ್ಲಿ ನನ್ನ ಸ್ಕ್ರಿಪ್ಟು ಆ ಫೋರ್ಕಿಗೇ ಒಗ್ಗಿಹೋಗಿತ್ತು.

ಕೆಲಸ ಜಾಸ್ತಿಯಾಯಿತು. ವಿಂಡೋಸ್ 10ರ 1809 ಆವೃತ್ತಿಯಿಂದ ಫಾಂಟನ್ನು ಒಬ್ಬ ಬಳಕೆದಾರನಿಗೆ ಮಾತ್ರ ಹಾಕಿಕೊಳ್ಳಬಹುದು, ಅಡ್ಮಿನ್ ಅನುಮತಿ ಬೇಡ. ಅಂಗಡಿಯವರು ರೈಟ್ ಕ್ಲಿಕ್ ಮಾಡಿ ಫಾಂಟ್ ಹಾಕಿದರೆ ಅದು ಅವರ ಆಪ್‌ಡೇಟಾ ಫೋಲ್ಡರಿಗೆ ಹೋಗುತ್ತಿತ್ತು. ನನ್ನ ಇನ್‌ಸ್ಟಾಲರ್ ಅದೇ ಫಾಂಟಿನ ಹೊಸ ಆವೃತ್ತಿಯನ್ನು ವಿಂಡೋಸ್ ಫಾಂಟ್ಸ್ ಫೋಲ್ಡರಿಗೆ ಹಾಕುತ್ತಿತ್ತು. ಒಂದೇ ಹೆಸರಿನ ಎರಡು ಫಾಂಟು, ಪ್ರಿಂಟಿನಲ್ಲಿ ಒತ್ತಕ್ಷರ ಎಡವಟ್ಟು. ಒಬ್ಬನಿಂದ ಆಗುವುದಿಲ್ಲ ಅಂತ ಜನ ಬೇಕು ಎಂದು ಕೇಳಿದೆ.

ಜನ ಬಂದರು. ಅದನ್ನೇ ನಿಮಗೆ ಒತ್ತಿ ಹೇಳಬೇಕು ಅಂತಿರುವುದು. ಮಂಗಳೂರಿನಿಂದ ಬಂದರು, ಕಾಸರಗೋಡಿನಿಂದ ಬಂದರು, ಗಲ್ಫಿನಲ್ಲಿರುವ ಊರಿನವರೂ ಬಂದರು. ಬಂದವರಿಗೆ ನಾನು ಹೇಳುತ್ತಿದ್ದದ್ದು ಒಂದೇ: "ಕೋಡ್ ಬದಲಾಯಿಸಿ ಕಳಿಸಿ, ಬಿಲ್ಡ್ ನಾನು ಮಾಡ್ತೇನೆ." ಬಿಲ್ಡ್ ಅಂದರೆ ಕೋಡಿನಿಂದ ಸೆಟಪ್ ಫೈಲ್ ತಯಾರಿಸುವುದು.

ನನಗೆ ಮುಳುವಾದದ್ದು ಈ ಒಂದೇ ಮಾತು. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಸೋರ್ಸ್, ಅಂದರೆ ಮೂಲ ಕೋಡ್, ಎಲ್ಲ ಕೋಡ್ ಹಂಚಿಕೊಳ್ಳುವ ಗಿಟ್‌ನಲ್ಲಿತ್ತು, ಆದರೆ ಅದರಿಂದ ಸೆಟಪ್ ಫೈಲ್ ಆಗುತ್ತಿದ್ದದ್ದು ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ. ಸ್ಕ್ರಿಪ್ಟಿನ ಮೇಲ್ಭಾಗದಲ್ಲೇ ಡಿ ಡ್ರೈವಿನ ಒಂದು ಫೋಲ್ಡರಿನ ಪೂರ್ತಿ ವಿಳಾಸ ಇತ್ತು. ಪ್ಲಗಿನ್ನುಗಳು, ಅಂದರೆ ಎನ್‌ಎಸ್‌ಐಎಸ್‌ಗೆ ಸೇರಿಸುವ ತುಣುಕುಗಳು, ಇದ್ದದ್ದು ಅಲ್ಲಿ. ಯೂನಿಕೋಡ್ ಬಿಲ್ಡಿಗೆ ಯೂನಿಕೋಡ್ ಪ್ಲಗಿನ್ನೇ ಬೇಕು, ಹಳೆಯ ಆನ್ಸಿ ಪ್ಲಗಿನ್ ಹಾಕಿದರೆ ನಡೆಯುವುದಿಲ್ಲ. ನನ್ನ ಹತ್ತಿರ ಇದ್ದ ಒಂದು ಪ್ಲಗಿನ್ನಿನ ಡಿಎಲ್ಎಲ್ ಫೈಲ್ ಎಲ್ಲಿಂದ ಇಳಿಸಿದ್ದೋ, ಆ ಲಿಂಕ್ ಸತ್ತು ಎಷ್ಟೋ ಕಾಲವಾಗಿತ್ತು. ಸಾಲದ್ದಕ್ಕೆ ಆವೃತ್ತಿ ಸಂಖ್ಯೆ ತುಂಬಲು ಬಿಲ್ಡಿನ ನಡುವೆ ಒಂದು ಬ್ಯಾಚ್ ಫೈಲ್ ಓಡುತ್ತಿತ್ತು. ಅದನ್ನು ಗಿಟ್‌ಗೆ ಸೇರಿಸಿರಲೇ ಇಲ್ಲ.

ಪೆರ್ಲದ ಕಡೆಯ ಹುಡುಗನೊಬ್ಬ ಆ ಫಾಂಟ್ ಗೊಂದಲ ಸರಿ ಮಾಡಲು ಕೂತಿದ್ದ. ಒಂದು ಸಾಲು ಬದಲಾಯಿಸಿ ನನಗೆ ಕಳಿಸುವುದು, ನಾನು ರಾತ್ರಿ ಅಡಿಕೆ ಕೆಲಸ ಮುಗಿಸಿ ಬಿಲ್ಡ್ ಮಾಡಿ ವಾಟ್ಸ್ಆಪ್‌ನಲ್ಲಿ ಹಾಕುವುದು, ಅವನು ಮರುದಿನ ಓಡಿಸಿ ನೋಡಿ ತಪ್ಪು ಹುಡುಕುವುದು. ತಾನು ಬರೆದದ್ದು ಓಡುತ್ತದಾ ಅಂತ ನೋಡಲು ಒಂದು ದಿನ ಕಾಯಬೇಕು. ಒಮ್ಮೆ ಹೇಳಿದ, "ಅಣ್ಣಾ, ನಿಮ್ಮ ಡಿ ಡ್ರೈವ್ ನನ್ನ ಹತ್ರ ಇಲ್ವಲ್ಲ, ಎಂತ ಮಾಡೂದು?" ಆಮೇಲೆ ಅವನ ಮೆಸೇಜು ಬರಲಿಲ್ಲ. ಈಗಿನ ಮಕ್ಕಳಿಗೆ ತಾಳ್ಮೆ ಇಲ್ಲ ಅಂದುಕೊಂಡೆ. ಎಷ್ಟು ಅನ್ಯಾಯದ ಮಾತು ಅದು!

ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲು ನಮ್ಮ ಕಡೆ ಹೇಗಿರುತ್ತದೆ ಅಂತ ಇಲ್ಲಿನವರಿಗೆ ಗೊತ್ತು. ಒಂದು ಸಂಜೆ ಮೋಡೆಮ್ಮು, ಇನ್ವರ್ಟರು, ಲ್ಯಾಪ್‌ಟಾಪು ಎಲ್ಲ ಹೋಯಿತು. ಡಿ ಡ್ರೈವೂ ಹೋಯಿತು. ಸೋರ್ಸ್ ಕೈಯಲ್ಲಿದ್ದೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊಸ ಆವೃತ್ತಿ ಕೊಡಲು ಆಗಲಿಲ್ಲ.

ದಾರಿ ತೋರಿಸಿದ್ದು ಮುಳ್ಳೇರಿಯ ಕಡೆಯ ಒಬ್ಬಳು ವಿದ್ಯಾರ್ಥಿನಿ. "ಸರ್, ನನ್ನ ಹತ್ರ ವಿಂಡೋಸೇ ಇಲ್ಲ, ಉಬುಂಟುವಿನಲ್ಲಿ ಆಗ್ತದಾ ನೋಡ್ಲಾ?" ಅಂತ ಕೇಳಿದಳು. ಕೇರಳದ ಸರ್ಕಾರಿ ಶಾಲೆಗಳ ಲ್ಯಾಬಿನಲ್ಲಿ ವಿಂಡೋಸಿನ ಬದಲು ಇರುವುದು ಕೈಟ್ ಎಂಬ ಸರ್ಕಾರಿ ಸಂಸ್ಥೆಯ ಉಬುಂಟು ಆಧಾರಿತ ಗ್ನೂ/ಲಿನಕ್ಸ್. ನಮ್ಮ ಕನ್ನಡ ಶಾಲೆಯ ಮಕ್ಕಳೂ ಅದರಲ್ಲೇ ಕಲಿತವರು. ಎನ್‌ಎಸ್‌ಐಎಸ್‌ನ ಕಂಪೈಲರ್ ಲಿನಕ್ಸಿನಲ್ಲೂ ಓಡುತ್ತದೆ, ಸಾಫ್ಟ್‌ವೇರ್ ಹಾಕಿಕೊಳ್ಳುವ ಒಂದೇ ಆಪ್ಟ್ ಕಮಾಂಡಿಗೆ ಬರುತ್ತದೆ. ಅವಳು ಸ್ಕ್ರಿಪ್ಟನ್ನು 3ನೇ ಆವೃತ್ತಿಗೆ ತಂದಳು. ಆ ಸತ್ತ ಪ್ಲಗಿನ್ ಮಾಡುತ್ತಿದ್ದ ಕೆಲಸವನ್ನು ಸ್ಕ್ರಿಪ್ಟಿನಲ್ಲೇ ಬರೆದಳು. ಲಿನಕ್ಸಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಅಲ್ವಾ, ಫಾಂಟುಗಳ ಫೈಲ್ ಹೆಸರನ್ನೂ ಒಂದೊಂದಾಗಿ ಸರಿಪಡಿಸಿದಳು. ಈಗ ಯಾರು ಏನು ಬದಲಾಯಿಸಿದರೂ ಕೋಡ್ ಇಟ್ಟಿರುವ ಜಾಲತಾಣ ಗಿಟ್‌ಹಬ್ಬಿನಲ್ಲೇ ತಾನಾಗಿ ಬಿಲ್ಡ್ ಆಗುತ್ತದೆ. ಎಲ್ಲರಿಗೂ ತೆರೆದಿರುವ ಕೋಡ್ ಸಂಗ್ರಹಗಳಿಗೆ ಅದು ಉಚಿತ. ಪೆರ್ಲದ ಹುಡುಗನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವನು ಮತ್ತೆ ಬಂದ, ಫಾಂಟಿನ ಸಮಸ್ಯೆ ಮುಗಿಸಿಯೇ ಬಿಟ್ಟ.

ಹಾಗಾಗಿ "ಎಲ್ಲಿ ಕೇಳಬೇಕು" ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎಲ್ಲಿ ಕೇಳಿದರೂ ಜನ ಬರುತ್ತಾರೆ. ಬಂದವರು ಅದೇ ದಿನ ತಮ್ಮ ಯಂತ್ರದಲ್ಲಿ ಸೆಟಪ್ ಫೈಲ್ ತಯಾರಿಸಲು ಆಗುತ್ತದಾ? ಆಗದಿದ್ದರೆ ಪ್ರಕಟಣೆ ಹಾಕಲೇಬೇಡಿ. ಸುಮ್ನೆ ಒಳ್ಳೆಯವರ ಸಮಯ ಹಾಳು. ಹಣ ಕೊಡಬೇಕಾ ಅಂತಲೂ ಕೇಳಿದ್ದೀರಿ. ಹಣ ಇದ್ದರೆ ಕೋಡ್ ಸೈನಿಂಗಿಗೆ, ಅಂದರೆ ಇನ್‌ಸ್ಟಾಲರಿಗೆ ಡಿಜಿಟಲ್ ಸಹಿ ಹಾಕಲು, ಇಡಿ. ಸಹಿ ಇಲ್ಲದ ಇನ್‌ಸ್ಟಾಲರಿಗೆ ವಿಂಡೋಸಿನ ಸ್ಮಾರ್ಟ್‌ಸ್ಕ್ರೀನ್ ಎಚ್ಚರಿಕೆ ತೋರಿಸಿದರೆ ಅಂಗಡಿಯವರು ಅಲ್ಲಿಗೇ ಬಿಡುತ್ತಾರೆ.

ಅಪರಿಚಿತರ ಕೈಗೆ ಕೊಡಲು ಹೆದರಿಕೆ ಅಂದಿದ್ದೀರಿ. ಹೆದರಿಕೆ ಸರಿಯೇ. ಫೈಲ್ ಕುಗ್ಗಿಸುವ ಎಕ್ಸ್‌ಝೆಡ್ ಎಂಬ ಓಪನ್ ಸೋರ್ಸ್ ಉಪಕರಣದ 2024ರ ಪ್ರಕರಣದಲ್ಲಿ ದಣಿದಿದ್ದ ಒಬ್ಬನೇ ನಿರ್ವಾಹಕನಿಗೆ ಸಹಾಯ ಮಾಡುತ್ತಾ ವಿಶ್ವಾಸ ಗಳಿಸಿದವನೇ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಗುಟ್ಟಾಗಿ ಒಳನುಗ್ಗುವ ಹಿಂಬಾಗಿಲು ಇಟ್ಟಿದ್ದ. ಆದರೆ ಅದನ್ನು ಕೆಲಸಕ್ಕೆ ಹಚ್ಚುವ ತುಣುಕು ಗಿಟ್‌ನಲ್ಲಿ ಇರಲಿಲ್ಲ, ಬಿಡುಗಡೆಗೆಂದು ಕಟ್ಟಿದ ಫೈಲ್ ಗಂಟು, ಅಂದರೆ ಟಾರ್‌ಬಾಲಿನಲ್ಲಿ ಮಾತ್ರ ಇತ್ತು. ಒಬ್ಬರ ಯಂತ್ರದಲ್ಲಿ ಬಿಡುಗಡೆ ತಯಾರಾದರೆ ಇದೇ ಅಪಾಯ. ಆ ಒಬ್ಬರು ನೀವೇ ಆದರೂ, ಒಳಗೆ ಏನಿದೆ ಅಂತ ಬೇರೆಯವರು ನೋಡುವುದು ಹೇಗೆ? ಎಲ್ಲರ ಕಣ್ಣೆದುರೇ ಬಿಲ್ಡ್ ಆಗಲಿ. ಇಬ್ಬರು ಒಪ್ಪದೆ ಏನೂ ಹೊರಗೆ ಹೋಗದ ಹಾಗೆ ಮಾಡಿ.

ಇಷ್ಟಾದ ಮೇಲೆ "ನಿರ್ವಾಹಕರು ಬೇಕಾಗಿದ್ದಾರೆ" ಅಂತ ಬರೆಯಬೇಡಿ. "ಅನ್‌ಇನ್‌ಸ್ಟಾಲ್ ಮಾಡಿದ ಮೇಲೂ ವಿಂಡೋಸ್ 11ರಲ್ಲಿ ಫಾಂಟ್ ಉಳಿಯುತ್ತದೆ, ಈ ಫೈಲ್ ನೋಡಿ" ಅಂತ ಬರೆಯಿರಿ. ನಿಮ್ಮ ಇನ್‌ಸ್ಟಾಲರನ್ನು ದಿನಾ ಬಳಸುವವರನ್ನೇ ಮೊದಲು ಕೇಳಿ. ಕೋಡ್ ಬರದಿದ್ದರೂ ಪರವಾಗಿಲ್ಲ. ನಮ್ಮಲ್ಲಿ ಪ್ರತಿ ಬಿಡುಗಡೆಯನ್ನು ಮೊದಲು ಓಡಿಸಿ ನೋಡುವವರು ಕುಂಬಳೆಯ ಒಬ್ಬ ಡಿಟಿಪಿ ಅಕ್ಕ. ಅವರು "ಆಯ್ತು" ಅನ್ನದೆ ನಾವು ಯಾವುದನ್ನೂ ಹೊರಗೆ ಬಿಡುವುದಿಲ್ಲ.